ಊರಿಗೆಲ್ಲಾ ಹೇಳಿದೆವು, ಮಕ್ಕಳಿಗೆ ಹೇಳಲಿಲ್ಲ



ಕಾರ್ಯಕಾರಿ ಸಮಿತಿ ಸಭೆಯ ವರದಿಯನ್ನು ನೀವು ಹಿಂದಿನ ಸಂಚಿಕೆಯಲ್ಲಿ ಓದಿರುತ್ತೀರಿ. ಯುಗಾದಿ ಊಟಕ್ಕೆ ಹೋಳಿಗೆಯನ್ನು ಮನೆಗಳಲ್ಲೇ ಮಾಡಬೇಕೋ ಹೊರಗಿನಿಂದ ತರಿಸಬೇಕೋ ಎಂಬ ಬಗ್ಗೆ ಮುಕ್ಕಾಲು ಗಂಟೆ ಚರ್ಚೆ ನಡೆದು, ಅದರ ವಿವರ ಹನ್ನೊಂದು ಸಾಲು ಅಚ್ಚಾಗಿದೆ. ಅದರ ಕೆಳಗೆ ಒಂದೇ ಒಂದು ಸಾಲು ಇದೆ: "ಭಾನುವಾರದ ಕನ್ನಡ ಶಾಲೆಯಲ್ಲಿ ಹದಿಹರೆಯದ ಮಕ್ಕಳಿಗೆ ಲೈಂಗಿಕ ಆರೋಗ್ಯದ ಬಗ್ಗೆ ಒಂದು ಗಂಟೆಯ ಕಾರ್ಯಕ್ರಮ ನಡೆಸುವ ಸಲಹೆಯನ್ನು ಸದ್ಯಕ್ಕೆ ಕೈಬಿಡಲಾಯಿತು." ಸಲಹೆ ಕೊಟ್ಟವರು ನಾವು. ಅದನ್ನು ಕೈಬಿಡಲು ಎರಡು ನಿಮಿಷವೂ ಹಿಡಿಯಲಿಲ್ಲ. ಹಿರಿಯರೊಬ್ಬರು "ಡಾಕ್ಟ್ರೇ, ಇದು ಕನ್ನಡ ಶಾಲೆ, ನಿಮ್ಮ ಕ್ಲಿನಿಕ್ ಅಲ್ಲ" ಎಂದರು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಅಷ್ಟರಲ್ಲಿ ಕಾಫಿ ಬಂತು.

ಮನೆಗೆ ಬಂದ ಮೇಲೆ ಆ ನಗು ನಮ್ಮನ್ನು ಮಲಗಲು ಬಿಡಲಿಲ್ಲ. ಯಾಕೆಂದು ಮುಂದೆ ಹೇಳುತ್ತೇವೆ. ಈ ಕೂಟದಲ್ಲಿ ಎರಡು ದಶಕಗಳಿಂದ ನಮ್ಮ ಕೈಯಲ್ಲಿ ಬಿಪಿ ನೋಡಿಸಿಕೊಂಡವರು, ಸಕ್ಕರೆ ಕಾಯಿಲೆಗೆ ಸಲಹೆ ಕೇಳಿದವರು, ಪಾಟ್‌ಲಕ್ಕಿನಲ್ಲಿ ತಟ್ಟೆ ಹಿಡಿದುಕೊಂಡೇ ಮೊಣಕಾಲು ತೋರಿಸಿದವರು ಬಹಳ ಮಂದಿ ಇದ್ದಾರೆ. ಆ ಸಲಿಗೆಯಿಂದ ಈ ನಿಷ್ಠುರದ ಮಾತು ಬರೆಯುತ್ತಿದ್ದೇವೆ. ಇದರಲ್ಲಿ "ನಾವು" ಎಂದಾಗ ಅದನ್ನು ದೊಡ್ಡಸ್ತಿಕೆಯ ಬಹುವಚನ ಎಂದುಕೊಳ್ಳಬೇಡಿ. ಕರ್ನಾಟಕದ ಊರುಗಳಲ್ಲಿ ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಶಾಲೆ ಓದಿ, ಅಮೆರಿಕಕ್ಕೆ ಬಂದು, ಇಲ್ಲಿ ಮಕ್ಕಳನ್ನು ಬೆಳೆಸಿದವರೆಲ್ಲರೂ ಅದರಲ್ಲಿ ಸೇರಿದ್ದೇವೆ. ತಪ್ಪು ಮಾಡಿದವರ ಪಟ್ಟಿಯಲ್ಲಿ ಬರೆಯುವವರ ಹೆಸರೇ ಮೊದಲು.

ನಾವು ಹೇಗೆ ಕಲಿತೆವು ಎಂಬುದನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಮೇಷ್ಟರು ದಾಸವಾಳದ ಹೂವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಇದು ಕೇಸರ, ಇದು ಪರಾಗ, ಇದು ಅಂಡಾಶಯ ಎಂದು ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆದು ತೋರಿಸಿದರು. ಪರಾಗಸ್ಪರ್ಶವನ್ನು ಅವರಷ್ಟು ಸೊಗಸಾಗಿ ಹೇಳಿದವರನ್ನು ನಾವು ಆಮೇಲೂ ಕಾಣಲಿಲ್ಲ. ಮನುಷ್ಯರ ಸಂತಾನೋತ್ಪತ್ತಿಯ ಪಾಠ ಬಂದ ದಿನ ಅದೇ ಮೇಷ್ಟರು "ಇದು ಸುಲಭವಾಗಿದೆ, ಮನೆಯಲ್ಲಿ ಓದಿಕೊಳ್ಳಿ" ಎಂದು ಮುಂದಿನ ಪಾಠಕ್ಕೆ ಹಾರಿದರು. ಇಡೀ ಪುಸ್ತಕದಲ್ಲಿ ನಾವು ಸ್ವಂತ ಆಸಕ್ತಿಯಿಂದ ಓದಿದ ಪಾಠ ಅದೊಂದೇ ಇರಬೇಕು. ಓದಿಯೂ ಏನೂ ತಿಳಿಯಲಿಲ್ಲ. ಅಂಗಗಳ ಹೆಸರಿತ್ತು, ಅವು ಒಬ್ಬ ಮನುಷ್ಯನ ಮೈಯಲ್ಲಿವೆ ಎಂಬ ಸುಳಿವೇ ಇರಲಿಲ್ಲ.

ಶಾಲೆಯ ಹೊರಗೋಡೆಯ ಮೇಲೆ ಮಾತ್ರ ಸರ್ಕಾರಕ್ಕೆ ಯಾವ ಸಂಕೋಚವೂ ಇರಲಿಲ್ಲ. ಕೆಂಪು ತ್ರಿಕೋನ ಬರೆದು "ಆರತಿಗೊಂದು ಕೀರ್ತಿಗೊಂದು" ಎಂದು ಸಾರುತ್ತಿತ್ತು. 1968ರಲ್ಲಿ ಬಂದ ನಿರೋಧ್ 15 ಪೈಸೆಗೆ ಮೂರು ಸಿಗುತ್ತಿತ್ತು. ಮಕ್ಕಳು ಅದನ್ನು ಊದಿ ಬೆಲೂನು ಮಾಡಿ ಆಡುತ್ತಿದ್ದರು. ಅದೇನೆಂದು ಮನೆಯಲ್ಲಿ ಕೇಳಿದ ಹುಡುಗನ ಕಪಾಳಕ್ಕೆ ಬೀಳುತ್ತಿತ್ತು. ದೇಶದ ಜನಸಂಖ್ಯೆ ಎಷ್ಟಿರಬೇಕೆಂದು ಗೋಡೆಗೆ ಗೊತ್ತಿತ್ತು, ಗೋಡೆಯೊಳಗೆ ಕೂತ ಮಕ್ಕಳಿಗೆ ಆ ಜನಸಂಖ್ಯೆ ಎಲ್ಲಿಂದ ಬರುತ್ತದೆಂದು ಗೊತ್ತಿರಲಿಲ್ಲ.

ಹಾಗಾದರೆ ಕಲಿಸಿದವರು ಯಾರು? ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಪಿನ್ ಹೊಡೆದು ಮಾರುತ್ತಿದ್ದ ಪುಸ್ತಕ. ಬೆಳಗಿನ ಆಟಕ್ಕೆ ಬರುತ್ತಿದ್ದ ಡಬ್ಬಿಂಗ್ ಸಿನಿಮಾ. ಎರಡು ಸಲ ಎಸ್ಸೆಸ್ಸೆಲ್ಸಿ ಕಟ್ಟಿ ಮೂರನೆಯ ಸಲ ನಮ್ಮ ಪಕ್ಕ ಬಂದು ಕೂತ ಅಣ್ಣ. ಇವರೆಲ್ಲರಿಗಿಂತ ದೊಡ್ಡ ಪ್ರೊಫೆಸರು ಎಂದರೆ ತಿಂಗಳಿಗೊಮ್ಮೆ ಲಾಡ್ಜಿಗೆ ಬಂದು ಇಳಿಯುತ್ತಿದ್ದ "ಗುಪ್ತರೋಗ ತಜ್ಞ". ಅವನ ಜಾಹೀರಾತು ಮೂತ್ರಿಯ ಗೋಡೆಯಿಂದ ಹಿಡಿದು ವಾರಪತ್ರಿಕೆಯ ಕೊನೆಯ ಪುಟದವರೆಗೆ ಎಲ್ಲೆಲ್ಲೂ ಇರುತ್ತಿತ್ತು.

ಹೆಣ್ಣುಮಕ್ಕಳ ಪಾಡು ಬೇರೆ. "ಕಾಗೆ ಮುಟ್ಟಿದೆ" ಎಂದು ಅಮ್ಮ ಹೊರಗೆ ಕೂತಾಗ ಮಗು ಎಷ್ಟೋ ವರ್ಷ ನಿಜವಾದ ಕಾಗೆಯನ್ನೇ ಬೈಯುತ್ತಿತ್ತು. ಒಂದು ದಿನ ತನ್ನ ಬಟ್ಟೆಯಲ್ಲೇ ರಕ್ತ ಕಂಡು, ಏನೋ ದೊಡ್ಡ ರೋಗ ಬಂತು, ಸತ್ತೇ ಹೋಗುತ್ತೇನೆ ಎಂದು ಬಚ್ಚಲುಮನೆಯಲ್ಲಿ ಕೂತು ಅತ್ತವರು ಈ ಪುಟ ಓದುತ್ತಿರುವವರಲ್ಲೇ ಇದ್ದಾರೆ. ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ, ಅವರ ಅಪ್ಪಣೆ ಪಡೆದೇ ಇದನ್ನು ಬರೆದಿದ್ದೇವೆ. ಆಮೇಲೆ ಏನು ನಡೆಯಿತು? ಮಣೆ ಹಾಕಿ ಕೂರಿಸಿದರು, ಆರತಿ ಎತ್ತಿದರು, ಚಿಗಳಿ ತಂಬಿಟ್ಟು ಹಂಚಿದರು, ಬೀದಿಯ ಹೆಂಗಸರೆಲ್ಲಾ ಬಂದು ಹಾಡಿ ಹೋದರು. "ದೊಡ್ಡವಳಾದಳು" ಎಂದು ಊರಿಗೆಲ್ಲಾ ಹೇಳಿದರು. ಯಾಕೆ ಹೀಗಾಯಿತೆಂದು ಹುಡುಗಿಗೆ ಮಾತ್ರ ಯಾರೂ ಹೇಳಲಿಲ್ಲ. ಅವಳಿಗೆ ಹೇಳಿದ್ದು ಇಷ್ಟೇ: "ಇನ್ನು ಮೇಲೆ ಹುಡುಗರ ಜೊತೆ ಆಡಬೇಡ."

ಎಂಬಿಬಿಎಸ್ ಸೇರಿದ ಮೇಲೆ ನಮಗೆ ಜ್ಞಾನೋದಯವಾಯಿತು ಎಂದುಕೊಂಡಿರೇನು? ಹಗಲು ಹೆಣ ಕೊಯ್ದು, ಸೊಂಟದೊಳಗಿನ ಒಂದೊಂದು ನರ, ಒಂದೊಂದು ರಕ್ತನಾಳದ ಹೆಸರನ್ನು ಬಾಯಿಪಾಠ ಮಾಡಿದೆವು. ರಾತ್ರಿ ಹಾಸ್ಟೆಲಿನ ರೂಮಿನಲ್ಲಿ "ಒಂದು ಹನಿ ವೀರ್ಯಕ್ಕೆ ನೂರು ಹನಿ ರಕ್ತ ಬೇಕಂತೆ, ಹೌದೇನೋ?" ಎಂದು ಪಿಸುಗುಟ್ಟಿದೆವು. ಈ ಭಯ ನಮ್ಮ ದೇಶದ ಗಂಡುಹುಡುಗರಲ್ಲಿ ಎಷ್ಟು ಸಾಮಾನ್ಯವೆಂದರೆ, ಮನೋವೈದ್ಯ ಎನ್. ಎನ್. ವಿಗ್ ಅವರು 1960ರಲ್ಲೇ ಅದಕ್ಕೆ "ಧಾತ್ ಸಿಂಡ್ರೋಮ್" ಎಂದು ಹೆಸರಿಟ್ಟಿದ್ದರು. ಹೆಸರು ನಮ್ಮ ಪಠ್ಯದಲ್ಲಿತ್ತು, ಭಯ ನಮ್ಮ ತಲೆಯಲ್ಲಿತ್ತು. ಇವೆರಡೂ ಒಂದೇ ಎಂದು ನಮಗೆ ಹೊಳೆಯಲೇ ಇಲ್ಲ.

ಈಗ ಆ ನಗುವಿನ ವಿಷಯ. 1993ರಲ್ಲಿ ನಾವು ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆಗಿದ್ದೆವು. ಒಂದು ರಾತ್ರಿ ಪಿಯುಸಿ ಓದುವ ಹುಡುಗನೊಬ್ಬನನ್ನು ಅವನ ಹಾಸ್ಟೆಲಿನವರು ಹೊತ್ತುಕೊಂಡು ಬಂದರು. ವಿಷ ಕುಡಿದಿದ್ದ. ಹೊಟ್ಟೆ ತೊಳೆದು, ರಾತ್ರಿಯೆಲ್ಲಾ ಪಕ್ಕದಲ್ಲಿ ಕೂತು ಔಷಧಿ ಕೊಟ್ಟು ಉಳಿಸಿಕೊಂಡೆವು. ಪರೀಕ್ಷೆ ಫೇಲಾಗಿರಬೇಕು, ಇಲ್ಲವೇ ಪ್ರೇಮ ಪ್ರಕರಣವಿರಬೇಕು ಎಂದು ನಾವು ಊಹಿಸಿದ್ದೆವು. ಮೂರನೆಯ ದಿನ ಅವನು ಬಾಯಿಬಿಟ್ಟ. ನಿದ್ದೆಯಲ್ಲಿ ಅವನಿಗೆ ತಾನಾಗಿಯೇ ಸ್ಖಲನವಾಗುತ್ತಿತ್ತು. ಲಾಡ್ಜಿನ ತಜ್ಞನ ಹತ್ತಿರ ಹೋಗಿದ್ದ. ಅವನು ನಾಡಿ ಹಿಡಿದು ನೋಡಿ, "ನಿನ್ನ ನರಗಳೆಲ್ಲಾ ಸತ್ತಿವೆ, ನೀನು ಮದುವೆಗೆ ಲಾಯಕ್ಕಿಲ್ಲ" ಎಂದು ಹೇಳಿ, ಲೇಹ್ಯಕ್ಕೆಂದು ಹಾಸ್ಟೆಲ್ ಫೀಜಿನ ದುಡ್ಡನ್ನೆಲ್ಲಾ ಕಿತ್ತುಕೊಂಡಿದ್ದ. ಹೊಲ ಅಡವಿಟ್ಟು ಓದಿಸುತ್ತಿದ್ದ ಅಪ್ಪನಿಗೆ ಏನು ಹೇಳಬೇಕೆಂದು ಹುಡುಗನಿಗೆ ತಿಳಿಯಲಿಲ್ಲ.

ಡ್ಯೂಟಿ ರೂಮಿಗೆ ಬಂದು ಇದನ್ನು ಹೇಳಿಕೊಂಡು ನಾವು ನಕ್ಕೆವು. ಸಮಿತಿಯ ಸಭೆಯಲ್ಲಿ ನಕ್ಕೆವಲ್ಲ, ಅದೇ ನಗು, ಮುಜುಗರ ಮುಚ್ಚಿಕೊಳ್ಳುವ ನಗು.

ಮರುದಿನ ನಮ್ಮಲ್ಲೊಬ್ಬರಿಗೆ ನಾಚಿಕೆಯಾಗಿ, ಅವನ ಹಾಸಿಗೆಯ ಪಕ್ಕ ಕೂತು ಹತ್ತು ನಿಮಿಷ ಮಾತಾಡಿದೆವು. ಇದು ಕಾಯಿಲೆಯಲ್ಲ, ಈ ವಯಸ್ಸಿನ ಹುಡುಗರಲ್ಲಿ ಸಹಜ, ಇದರಿಂದ ನಿಶ್ಶಕ್ತಿಯಾಗುವುದಿಲ್ಲ, ರಕ್ತಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೆವು. ಹುಡುಗ ಸುಮ್ಮನೆ ಕೇಳಿದ. ಕೊನೆಗೆ ಒಂದೇ ಮಾತು ಕೇಳಿದ: "ಸಾರ್, ಇದನ್ನ ಒಂದು ಚೀಟೀಲಿ ಬರ್ಕೊಡ್ತೀರಾ? ನಮ್ಮ ಹಾಸ್ಟೆಲ್‌ನಲ್ಲಿ ಇನ್ನೂ ಇಬ್ರು ಇದಾರೆ."

ನಾವು ಬರೆದುಕೊಡಲಿಲ್ಲ. ಆಸ್ಪತ್ರೆಯ ಚೀಟಿಯ ಮೇಲೆ ಇಂಥದ್ದನ್ನು ಬರೆದರೆ ಮೇಲಿನವರು ಏನನ್ನುತ್ತಾರೋ ಎಂದು ಹೆದರಿದೆವು. "ನೀನೇ ಹೇಳಪ್ಪ" ಎಂದು ಹೇಳಿ ಕಳಿಸಿದೆವು. ಆ ಇನ್ನಿಬ್ಬರು ಏನಾದರೋ ನಮಗೆ ಇವತ್ತಿಗೂ ಗೊತ್ತಿಲ್ಲ.

ಇದನ್ನು ಓದಿ ಕೆಲವರು "ನಮ್ಮ ಸಂಸ್ಕೃತಿಯಲ್ಲಿ ಇವನ್ನೆಲ್ಲಾ ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ" ಎನ್ನುತ್ತೀರಿ. ಯಾವ ಸಂಸ್ಕೃತಿ, ಎಂದಿನಿಂದ? ಹನ್ನೊಂದನೆಯ ಶತಮಾನದಲ್ಲಿ ಚಂದ್ರರಾಜ ಕನ್ನಡದಲ್ಲಿ "ಮದನತಿಲಕ" ಬರೆದ. ಹದಿನೈದನೆಯ ಶತಮಾನದಲ್ಲಿ ಕಲ್ಲರಸ "ಜನವಶ್ಯ" ಬರೆದ. ಎರಡೂ ಕಾಮಶಾಸ್ತ್ರದ ಗ್ರಂಥಗಳು. ಅವನ್ನು ಹದಿಮೂರರ ಮಕ್ಕಳ ಕೈಗೆ ಕೊಡಿ ಎಂದು ನಾವು ಹೇಳುತ್ತಿಲ್ಲ, ಅವು ದೊಡ್ಡವರಿಗಾಗಿ ಬರೆದವು. ಆದರೆ ಈ ವಿಷಯ ಬಂದೊಡನೆ ಕನ್ನಡದ ನಾಲಿಗೆ ಸೇದಿಹೋಗುತ್ತದೆ ಎಂಬುದು ಸುಳ್ಳು. 1930ರಲ್ಲಿ ಮೈಸೂರು ಸರ್ಕಾರ ಗರ್ಭನಿರೋಧದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಒಂದು ಸರ್ಕಾರವೇ ಮುಂದೆ ನಿಂತು ಇಂಥದ್ದನ್ನು ತೆರೆದದ್ದು ಪ್ರಪಂಚದಲ್ಲೇ ಮೊದಲು ಎನ್ನುತ್ತಾರೆ. ನಾಲ್ವಡಿಯವರ ಹೆಸರಿನಲ್ಲಿ ದಸರಾ ಮಾಡುವ ನಮಗೆ ಇದು ನೆನಪಿರುವುದಿಲ್ಲ. ನಮ್ಮ ಕಾಲಕ್ಕೇ ಬಂದರೆ, ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನ ಅವರು ಹದಿಹರೆಯದ ಹುಡುಗಿಯರಿಗೆಂದೇ "ಕೇಳು ಕಿಶೋರಿ" ಬರೆದರು, ದಂಪತಿಗಳಿಗೆ "ದಾಂಪತ್ಯ ದೀಪಿಕೆ" ಬರೆದರು. ಎಷ್ಟೋ ಮನೆಗಳಲ್ಲಿ ಆ ಪುಸ್ತಕಗಳು ಬೀರುವಿನಲ್ಲಿ ಸೀರೆಗಳ ಅಡಿಯಲ್ಲಿದ್ದವು. ಅಮ್ಮ ಓದಿದ್ದಳು, ಮಗಳಿಗೆ ಕೊಟ್ಟಿರಲಿಲ್ಲ.

ಶಾಲೆಯಲ್ಲಿ ಕಲಿಸುವ ಪ್ರಯತ್ನವೂ ನಡೆಯಿತು. 2005ರ ಸುಮಾರಿಗೆ ಕೇಂದ್ರ ಸರ್ಕಾರವೂ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯೂ ಸೇರಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಶಾಲೆಗಳಿಗೆ ತಂದವು. ಅದರ ಚಿತ್ರಪಟಗಳನ್ನು ನೋಡಿ ಗಲಾಟೆಯೆದ್ದು, 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಅದನ್ನು ನಿಲ್ಲಿಸಿದವು. 2009ರಲ್ಲಿ ವೆಂಕಯ್ಯ ನಾಯ್ಡು ಅವರ ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿಯೂ ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದಿತು. ಚಿತ್ರ ಸರಿಯಿಲ್ಲದಿದ್ದರೆ ಚಿತ್ರ ಬದಲಿಸಬಹುದಿತ್ತು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. 2020ರಲ್ಲಿ ಆಯುಷ್ಮಾನ್ ಭಾರತದ ಶಾಲಾ ಆರೋಗ್ಯ ಕಾರ್ಯಕ್ರಮದ ಮೂಲಕ ಸಂತಾನೋತ್ಪತ್ತಿ ಆರೋಗ್ಯದ ವಿಷಯ ಮತ್ತೆ ಶಾಲೆಯ ಬಾಗಿಲಿಗೆ ಬಂದಿದೆ. ಸಂತೋಷ. ಆದರೆ ನಡುವೆ ಕಳೆದ ಹದಿಮೂರು ವರ್ಷಗಳಲ್ಲಿ ಏನಾಯಿತು ನೋಡಿ.

ಆ ಹದಿಮೂರು ವರ್ಷಗಳಲ್ಲಿ ಮೊಬೈಲ್ ಫೋನು ಮನೆಮನೆಗೆ ಬಂತು. 2016ರಲ್ಲಿ ಜಿಯೋ ಬಂದು ಇಂಟರ್‌ನೆಟ್ಟು ಅಗ್ಗವಾಯಿತು. ಮೇಷ್ಟರನ್ನು ಹೊರಗೆ ಕಳಿಸಿ ಖಾಲಿ ಮಾಡಿದ ಕುರ್ಚಿಯಲ್ಲಿ ಫೋನು ಬಂದು ಕೂತಿತು. 2015ರಲ್ಲಿ ಭಾರತ ಸರ್ಕಾರ 857 ಅಶ್ಲೀಲ ಜಾಲತಾಣಗಳನ್ನು ತಡೆಯಲು ಹೊರಟು, ಕೆಲವೇ ದಿನಗಳಲ್ಲಿ ಹಿಂದೆಗೆಯಬೇಕಾಯಿತು. 2018ರಲ್ಲಿ ನ್ಯಾಯಾಲಯದ ಆದೇಶದ ಮೇಲೆ 827 ತಾಣಗಳನ್ನು ತಡೆಯಿತು. ಒಂದು ಬಾಗಿಲು ಹಾಕಿದರೆ ಹತ್ತು ಕಿಟಕಿ ತೆರೆಯುವ ಕಾಲ ಇದು. ನಮ್ಮ ಲಾಡ್ಜಿನ ತಜ್ಞ ತಿಂಗಳಿಗೊಮ್ಮೆ ಬರುತ್ತಿದ್ದ, ಇವನು ದಿಂಬಿನ ಕೆಳಗೇ ಇರುತ್ತಾನೆ. ಅಲ್ಲಿ ಕಾಣುವುದು ಸಂಬಳಕ್ಕೆ ಮಾಡಿದ ನಟನೆ, ಅದರಲ್ಲಿ "ನಿನಗೆ ಇಷ್ಟವೇ?" ಎಂದು ಯಾರೂ ಯಾರನ್ನೂ ಕೇಳುವುದಿಲ್ಲ ಎಂದು ಹದಿಮೂರರ ಹುಡುಗನಿಗೆ ಹೇಳುವವರು ಯಾರು?

ಅಜ್ಞಾನಕ್ಕೆ ಬೆಲೆ ತೆರುವುದು ಗಂಡುಹುಡುಗರು ಮಾತ್ರವಲ್ಲ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ಮಾಡಿಸಿದ ಅಧ್ಯಯನದಲ್ಲಿ ನೂರಕ್ಕೆ 53 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದಾಗಿ ಹೇಳಿದರು. ಹುಡುಗರೂ ಅದರಲ್ಲಿದ್ದರು. ಕಿರುಕುಳ ಕೊಟ್ಟವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು ಅಥವಾ ಮಗು ನಂಬಿದ್ದವರು. ಬಹುಪಾಲು ಮಕ್ಕಳು ಯಾರಿಗೂ ಹೇಳಿಕೊಂಡಿರಲಿಲ್ಲ. ಹೇಗೆ ಹೇಳಿಕೊಂಡಾರು? ಆ ಅಂಗಕ್ಕೆ ಮನೆಯಲ್ಲಿ ಹೆಸರೇ ಇಲ್ಲ. "ಅಲ್ಲಿ", "ಕೆಳಗೆ", "ಶೇಮ್ ಶೇಮ್" ಎಂದು ಕಲಿಸಿದ್ದೇವೆ. ಹೆಸರೇ ಇಲ್ಲದ ಜಾಗಕ್ಕೆ ನೋವಾದರೆ ಮಗು ಯಾವ ಮಾತಿನಲ್ಲಿ ದೂರು ಕೊಡಬೇಕು?

ಕಾನೂನು ತಿಳಿಯದೆ ಕೆಡುವವರು ಇನ್ನೊಂದು ಗುಂಪು. 2012ರ ಪೋಕ್ಸೊ ಕಾಯಿದೆ ಸಮ್ಮತಿಯ ವಯಸ್ಸನ್ನು 16ರಿಂದ 18ಕ್ಕೆ ಏರಿಸಿತು. ಹದಿನೇಳರ ಹುಡುಗಿ, ಹತ್ತೊಂಬತ್ತರ ಹುಡುಗ ಪ್ರೀತಿಸಿ ಓಡಿಹೋದರೆ ಹುಡುಗನ ಮೇಲೆ ಇದೇ ಕಾಯಿದೆಯಡಿ ಮೊಕದ್ದಮೆ ಬೀಳುತ್ತದೆ. ಇಂಥ ಪ್ರಕರಣಗಳನ್ನು ಕಂಡ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರಿನಲ್ಲಿ, ಒಂಬತ್ತನೆಯ ತರಗತಿಯಿಂದಲೇ ಮಕ್ಕಳಿಗೆ ಈ ಕಾಯಿದೆಯ ತಿಳಿವಳಿಕೆ ಕೊಡಬೇಕೆಂದಿತು. ವಯಸ್ಸಿನ ಮಿತಿಯನ್ನು ಕಾನೂನು ಆಯೋಗ ಮತ್ತೆ ಯೋಚಿಸಲಿ ಎಂದೂ ಹೇಳಿತು. 2023ರಲ್ಲಿ ಆಯೋಗ ಬದಲಾವಣೆ ಬೇಡವೆಂದಿತು. ವಯಸ್ಸು ಎಷ್ಟಿರಬೇಕೆಂಬ ವಾದ ವಕೀಲರಿಗಿರಲಿ. ಜೈಲಿಗೆ ಹೋಗುವ ಮೊದಲು ಹುಡುಗನಿಗೆ ಆ ಕಾನೂನು ಗೊತ್ತಿರಬೇಕಲ್ಲವೇ?

"ಇದೆಲ್ಲಾ ಅಲ್ಲಿಯ ಮಾತು, ನಮ್ಮ ಮಕ್ಕಳಿಗೆ ಇಲ್ಲಿ ಶಾಲೆಯಲ್ಲೇ ಹೇಳಿಕೊಡುತ್ತಾರಲ್ಲ" ಎನ್ನುತ್ತೀರಿ. ಅಮೆರಿಕದಲ್ಲಿ ಇದಕ್ಕೆ ಇಡೀ ದೇಶಕ್ಕೆ ಒಂದು ನಿಯಮವಿಲ್ಲ. ರಾಜ್ಯಕ್ಕೊಂದು ರೀತಿ, ಊರಿಗೊಂದು ರೀತಿ. 1994ರ ಡಿಸೆಂಬರಿನಲ್ಲಿ, ಹಸ್ತಮೈಥುನವೂ ಪಾಠದ ಒಂದು ಭಾಗವಾಗಬಹುದೆಂಬ ಅರ್ಥದ ಮಾತಾಡಿದ ತಪ್ಪಿಗೆ ದೇಶದ ಸರ್ಜನ್ ಜನರಲ್ ಜಾಯ್ಸ್‌ಲಿನ್ ಎಲ್ಡರ್ಸ್ ಅವರನ್ನೇ ಕೆಲಸದಿಂದ ತೆಗೆದರು. 1996ರ ಕಾಯಿದೆಯ ಪ್ರಕಾರ ವರ್ಷಕ್ಕೆ 5 ಕೋಟಿ ಡಾಲರು ಕೊಟ್ಟು "ಮದುವೆಯವರೆಗೆ ದೂರವಿರಿ" ಎಂದಷ್ಟೇ ಕಲಿಸುವ ತರಗತಿಗಳನ್ನು ನಡೆಸಿದರು. 2007ರಲ್ಲಿ ಆ ತರಗತಿಗಳ ಪರಿಶೀಲನೆಯ ವರದಿ ಬಂತು. ಅದರಲ್ಲಿ ಕೂತ ಮಕ್ಕಳು, ಕೂರದ ಮಕ್ಕಳಿಗಿಂತ ಹೆಚ್ಚೇನೂ ದೂರವಿರಲಿಲ್ಲ. ಆದ್ದರಿಂದ ಬಿಳಿಯರೆಲ್ಲಾ ಬುದ್ಧಿವಂತರು, ನಾವು ದಡ್ಡರು ಎಂಬ ವಾದ ನಮ್ಮದಲ್ಲ. ದಡ್ಡತನದಲ್ಲಿ ಎಲ್ಲರೂ ಸಮಾನರೇ.

ಇನ್ನು, ಶಾಲೆ ಕಲಿಸಲು ಬಂದಾಗ ನಾವು ಏನು ಮಾಡುತ್ತೇವೆ? ನಮ್ಮ ಮಗಳು ಏಳನೆಯ ತರಗತಿಯಲ್ಲಿದ್ದಾಗ ಮನೆಗೊಂದು ಕಾಗದ ಬಂತು. ಇಂಥ ವಾರ ಇಂಥ ಪಾಠ ಮಾಡುತ್ತೇವೆ, ನಿಮ್ಮ ಮಗು ಬೇಡವೆಂದರೆ ಕೆಳಗೆ ಸಹಿ ಮಾಡಿ ಎಂದಿತ್ತು. ನಾವು ಸಹಿ ಮಾಡಿದೆವು. ಹೌದು, ದಿನಾ ಇದೇ ವಿಷಯವನ್ನು ಊರವರ ಮಕ್ಕಳಿಗೆ ಹೇಳುವ ಡಾಕ್ಟರೇ ಸಹಿ ಮಾಡಿದರು. "ಯಾರೋ ಹೇಳುವುದೇಕೆ, ಮನೆಯಲ್ಲಿ ನಾವೇ ಸಮಯ ನೋಡಿ ಹೇಳೋಣ" ಎಂದುಕೊಂಡೆವು. ಆ ಸಮಯ ಬರಲಿಲ್ಲ. ಸಂಗೀತದ ಕ್ಲಾಸು ಬಂತು, ಗಣಿತದ ಸ್ಪರ್ಧೆ ಬಂತು, ಸ್ಪೆಲಿಂಗ್ ಬೀ ಬಂತು.

ಆ ಮಗಳು ಈಗ ಕೆಲಸಕ್ಕೆ ಸೇರಿದ್ದಾಳೆ. ಹೋದ ದೀಪಾವಳಿಗೆ ಬಂದಿದ್ದಾಗ, ಊಟದ ಮೇಜಿನಲ್ಲಿ ಏನೋ ಮಾತು ಬಂದು, ಆ ವಾರ ಏನಾಯಿತೆಂದು ನಗುತ್ತಾ ಹೇಳಿದಳು. ತರಗತಿಯಿಂದ ಮೂವರು ಮಕ್ಕಳನ್ನು ಲೈಬ್ರರಿಗೆ ಕಳಿಸಿದರಂತೆ. ಮೂವರೂ ನಮ್ಮ ಕಡೆಯವರ ಮಕ್ಕಳೇ. ಒಳಗೆ ಏನು ಹೇಳಿಕೊಡುತ್ತಿರಬಹುದೆಂಬ ಕುತೂಹಲ ತಡೆಯಲಾರದೆ, ಮೂವರಲ್ಲಿ ಒಬ್ಬನ ಫೋನಿನಲ್ಲಿ ಹುಡುಕಿದರಂತೆ. ಏನು ಸಿಕ್ಕಿರಬಹುದೆಂದು ನಾವು ಬಿಡಿಸಿ ಹೇಳಬೇಕಾಗಿಲ್ಲ. "ನನಗೆ ಒಂದು ವಾರ ಊಟ ಸೇರ್ಲಿಲ್ಲ ಅಪ್ಪಾ, ಹೊಟ್ಟೆ ನೋವು ಅಂತ ನಿಮಗೆ ಹೇಳಿದ್ದೆ, ನೀವು ಆಂಟಾಸಿಡ್ ಕೊಟ್ರಿ" ಎಂದಳು. ತರಬೇತಿ ಪಡೆದ ಟೀಚರ ಮುಂದೆ, ಬೆಳಕಿನಲ್ಲಿ, ಹೆಸರುಗಳನ್ನು ಸರಿಯಾಗಿ ಹೇಳಿ ಕಲಿಸುತ್ತಿದ್ದ ಕೋಣೆಯಿಂದ ಮಗುವನ್ನು ಎಬ್ಬಿಸಿ ಫೋನಿನ ಮುಂದೆ ಕೂರಿಸಿದ್ದು ನಮ್ಮ ಸಹಿ.

ಇದೇ ಕಣ್ಣುಮುಚ್ಚಾಲೆ ಲಸಿಕೆಯ ವಿಷಯದಲ್ಲೂ ನಡೆಯುತ್ತದೆ. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಇಲ್ಲಿ 11–12ನೆಯ ವಯಸ್ಸಿನಲ್ಲಿ ಗಂಡು ಹೆಣ್ಣು ಇಬ್ಬರಿಗೂ ಕೊಡುತ್ತಾರೆ. ಸಂಪರ್ಕಕ್ಕೆ ಎಷ್ಟೋ ಮೊದಲೇ ಕೊಟ್ಟರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಅದಕ್ಕೇ ಆ ವಯಸ್ಸು. ಆದರೆ ನಮ್ಮವರು "ನಮ್ಮ ಮಗಳು ಅಂಥವಳಲ್ಲ ಡಾಕ್ಟ್ರೇ" ಎನ್ನುತ್ತಾರೆ. ಭಾರತದಲ್ಲಿ 2020ರ ಅಂದಾಜಿನಂತೆ ಆ ಒಂದೇ ವರ್ಷ ಸುಮಾರು 1,23,000 ಹೆಂಗಸರಿಗೆ ಈ ಕ್ಯಾನ್ಸರ್ ಹೊಸದಾಗಿ ಬಂತು, ಸುಮಾರು 77,000 ಹೆಂಗಸರು ಸತ್ತರು. ಅವರಲ್ಲಿ ಎಷ್ಟೋ ಮಂದಿ ಜೀವಮಾನದಲ್ಲಿ ಗಂಡನನ್ನು ಬಿಟ್ಟು ಬೇರೆಯವರ ಮುಖ ನೋಡದವರು. ವೈರಸ್ಸು ಶೀಲದ ಸರ್ಟಿಫಿಕೇಟು ಕೇಳುವುದಿಲ್ಲ.

"ಹೇಳಿಕೊಟ್ಟರೆ ಇಲ್ಲದ ಆಸೆ ಹುಟ್ಟಿಸಿದಂತಾಗುತ್ತದೆ" ಎಂಬುದು ನೀವು ಎತ್ತುವ ಆಕ್ಷೇಪಗಳಲ್ಲಿ ಮುಖ್ಯವಾದದ್ದು. ಆಸೆ ಹುಟ್ಟಿಸುವುದು ಹಾರ್ಮೋನು, ನಾವಲ್ಲ. ಅದು ನಮ್ಮ ಸಮಿತಿಯ ಅಪ್ಪಣೆಗೆ ಕಾಯುವುದಿಲ್ಲ. ಯುನೆಸ್ಕೋ 2009ರಲ್ಲಿ ಹೊರತಂದು 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ನಾನಾ ದೇಶಗಳ ಅಧ್ಯಯನಗಳನ್ನು ನೋಡಿ ಹೇಳಿದ್ದು ಇದು: ಸರಿಯಾದ ಲೈಂಗಿಕ ಶಿಕ್ಷಣದಿಂದ ಮಕ್ಕಳು ಬೇಗ ಆ ದಾರಿಗೆ ಇಳಿಯುವುದಿಲ್ಲ, ಬದಲಾಗಿ ತಡ ಮಾಡುತ್ತಾರೆ, ಎಚ್ಚರದಿಂದಿರುತ್ತಾರೆ. ಈ ದೇಶದಲ್ಲಿ 1991ರಲ್ಲಿ 15ರಿಂದ 19 ವರ್ಷದ ಸಾವಿರ ಹುಡುಗಿಯರಿಗೆ ಸುಮಾರು 62 ಹೆರಿಗೆಗಳಾಗುತ್ತಿದ್ದವು. 2023ರಲ್ಲಿ ಅದು ಸುಮಾರು 13ಕ್ಕೆ ಇಳಿದಿತ್ತು. ಅದು ಪಾಠದಿಂದಲೇ ಆಯಿತೆಂದು ಹೇಳಿದರೆ ಅತಿಶಯೋಕ್ತಿ, ಗರ್ಭನಿರೋಧಕಗಳ ಬಳಕೆಯದು ಅದರಲ್ಲಿ ದೊಡ್ಡ ಪಾಲು. ಆದರೆ ತಿಳಿದವರು ಮಾತ್ರ ತಾನೇ ಬಳಸುವುದು?

"ಮದುವೆಯ ಹೊತ್ತಿಗೆ ತಾನಾಗಿ ತಿಳಿಯುತ್ತದೆ" ಎನ್ನುವವರಿಗೆ ಇನ್ನೊಂದು ಅಂಕಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಐವರಲ್ಲಿ ಒಬ್ಬಳು! ಅವಳಿಗೆ ಮದುವೆಯ ಹೊತ್ತಿಗೆ ಏನು ತಿಳಿದಿತ್ತು, ಯಾರು ಹೇಳಿದ್ದರು?

"ಮನೆಯಲ್ಲಿ ನಾವೇ ಹೇಳುತ್ತೇವೆ" ಎಂಬ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಅದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ಆದರೆ ಬಂಧುಗಳೇ, ಎದೆ ಮುಟ್ಟಿ ಹೇಳಿ: ಯಾವತ್ತು ಹೇಳಿದಿರಿ? ಮಗಳಿಗೆ ಅಮ್ಮ ಮುಟ್ಟಿನ ವಿಷಯ ಹೇಳಿರಬಹುದು. ಮಗನಿಗೆ ಅಪ್ಪ ಏನಾದರೂ ಹೇಳಿದ್ದುಂಟೇ? ನಮಗೆ ಬಾಯಿ ಬರುವುದಿಲ್ಲ ಎನ್ನುವುದು ತಪ್ಪಲ್ಲ, ನಮಗೂ ಯಾರೂ ಹೇಳಿಕೊಟ್ಟಿರಲಿಲ್ಲ. ನಮಗೆ ಬಾಯಿ ಬಾರದ್ದರಿಂದ ಬೇರೆ ಯಾರೂ ಹೇಳಕೂಡದು ಎನ್ನುವುದು ತಪ್ಪು.

1993ರಲ್ಲಿ ಬರೆಯದೆ ಬಿಟ್ಟ ಚೀಟಿಯನ್ನು ಈಗ ಇಲ್ಲಿ ಬರೆಯುತ್ತೇವೆ. ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿ, ಇಲ್ಲವೇ ಮಕ್ಕಳ ಪುಸ್ತಕದಲ್ಲಿ ಮೆಲ್ಲಗೆ ಇಟ್ಟುಬಿಡಿ.

ನಿದ್ದೆಯಲ್ಲಿ ಸ್ಖಲನವಾಗುವುದು ರೋಗವಲ್ಲ. ಹಸ್ತಮೈಥುನದಿಂದ ನರ ಸಾಯುವುದಿಲ್ಲ, ಕಣ್ಣು ಹೋಗುವುದಿಲ್ಲ, ಮುಂದೆ ಮಕ್ಕಳಾಗುವುದಕ್ಕೂ ತೊಂದರೆಯಿಲ್ಲ. ವೀರ್ಯ ರಕ್ತದಿಂದ ಆಗುವುದಲ್ಲ. ಮುಟ್ಟು ಮೈಲಿಗೆಯಲ್ಲ, ಗರ್ಭಕೋಶದ ಒಳಪದರ ಕಳಚುವುದು, ಅಷ್ಟೇ. ಮೊದಲ ಒಂದೆರಡು ವರ್ಷ ಅದು ಲೆಕ್ಕ ತಪ್ಪಿ ಬರುವುದು ಸಾಮಾನ್ಯ. ಒಂದೇ ಒಂದು ಸಲದ ಸಂಪರ್ಕದಿಂದಲೂ ಬಸಿರಾಗಬಹುದು. ನಿನ್ನ ಮೈ ನಿನ್ನದು. ಮಾವನೇ ಆಗಲಿ, ಮೇಷ್ಟರೇ ಆಗಲಿ, ಬೇಡವೆಂದರೆ ಬೇಡವೇ. ಹಾಗೆಯೇ ಇನ್ನೊಬ್ಬರ ಮೈ ಇನ್ನೊಬ್ಬರದು. ಅವರು ಸುಮ್ಮನಿದ್ದರೆ ಒಪ್ಪಿದಂತೆ ಅಲ್ಲ. ಫೋನಿನಲ್ಲಿ ಕಂಡದ್ದು ಸಿನಿಮಾ. ಯಾರಾದರೂ ನಿನ್ನ ಚಿತ್ರ ಕೇಳಿದರೆ ಕೊಡಬೇಡ, ಕೊಟ್ಟುಬಿಟ್ಟಿದ್ದರೆ ಹೆದರಿ ಒಬ್ಬನೇ ಕೂರಬೇಡ, ದೊಡ್ಡವರಿಗೆ ಹೇಳು. ಏನೇ ಆಗಿದ್ದರೂ, ಎಷ್ಟೇ ತಪ್ಪಾಗಿದ್ದರೂ, ಮನೆಗೆ ಬಾ.

ಈ ಕೊನೆಯ ವಾಕ್ಯವನ್ನು ಮಾತ್ರ ಡಾಕ್ಟರು ಹೇಳಿದರೆ ಸಾಲದು, ಅದನ್ನು ಅಪ್ಪ ಅಮ್ಮನೇ ಹೇಳಬೇಕು.

ಮುಂದಿನ ವಾರ್ಷಿಕ ಸಭೆಯಲ್ಲಿ ನಮ್ಮ ಸಲಹೆಯನ್ನು ಮತ್ತೆ ಮಂಡಿಸುತ್ತೇವೆ. ಒಂದು ಭಾನುವಾರ ಮೊದಲ ಗಂಟೆ ತಂದೆತಾಯಿಯರಿಗೆ, ಏನು ಹೇಳುತ್ತೇವೆಂದು ಮೊದಲು ನೀವು ಕೇಳಿ ಒಪ್ಪಬೇಕು. ಎರಡನೆಯ ಗಂಟೆ ಮಕ್ಕಳಿಗೆ, ಹುಡುಗಿಯರಿಗೆ ಒಬ್ಬ ವೈದ್ಯೆ, ಹುಡುಗರಿಗೆ ಒಬ್ಬ ವೈದ್ಯ. ಹೆಸರು ಬರೆಯದೆ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕಬಹುದು. ಕೂಟಕ್ಕೆ ಒಂದು ಡಾಲರಿನ ಖರ್ಚೂ ಇಲ್ಲ. ಬೇಕಾಗುವುದು ಒಂದು ಕೋಣೆ, ನಿಮ್ಮ ಕೈಯೆತ್ತುವಿಕೆ ಮತ್ತು ಒಂದು ಖಾಲಿ ಡಬ್ಬ.

ಯುಗಾದಿ ಊಟ ಮುಗಿದ ಮೇಲೆ ಹೋಳಿಗೆಯ ಡಬ್ಬ ಹೇಗೂ ಖಾಲಿಯಾಗುತ್ತದೆ. ತೊಳೆದು ಇಟ್ಟಿರಿ, ನಾವು ಬಂದು ತೆಗೆದುಕೊಂಡು ಹೋಗುತ್ತೇವೆ.

ನಿಮ್ಮವರೇ ಆದ,
ಕೂಟದ ಒಬ್ಬ ವೈದ್ಯರು